ಹರಿಗೋಲು, ನೀರುನಾಯಿ ಮತ್ತು ನೋಡುವವರು

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪಟ್ಟಣದ ಅರಮನೆ, ಬಜಾರು, ಮಹಾನವಮಿಯ ಸಡಗರ ಎಲ್ಲವನ್ನೂ ಬೆರಗಿನಿಂದ ಬರೆದಿಟ್ಟವನು. ಹೊಳೆಯಾಚೆಯ ಆನೆಗೊಂದಿಯ ಮಾತು ಬಂದಾಗ ಮಾತ್ರ ಅವನ ಕಣ್ಣು ಊರಿಗಿಂತ ಮೊದಲು ದೋಣಿಯ ಮೇಲೆ ನಿಲ್ಲುತ್ತದೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ. ಒಳಗೆ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಕೂರಬಹುದು. ಕುದುರೆ, ಎತ್ತುಗಳನ್ನೂ ಹತ್ತಿಸಬಹುದು, ಆದರೆ ಅವು ಸಾಮಾನ್ಯವಾಗಿ ಈಜಿಕೊಂಡೇ ಹೊಳೆ ದಾಟುತ್ತವೆ. ಈ ದೋಣಿ ನೆಟ್ಟಗೆ ಹೋಗುವುದಿಲ್ಲ, ಗಿರಗಿರನೆ ತಿರುಗುತ್ತಲೇ ಮುಂದೆ ಸಾಗುತ್ತದೆ ಎಂಬುದು ಅವನಿಗೆ ವಿಚಿತ್ರವಾಗಿ ಕಂಡಿದೆ. ಕಡಲು ದಾಟಿ ಬಂದ ದೇಶದವನಲ್ಲವೇ, ಮೂತಿಯೂ ಬಾಲವೂ ಇಲ್ಲದ ದೋಣಿಯನ್ನು ಕಂಡು ತಬ್ಬಿಬ್ಬಾಗಿರಬೇಕು.

ಐನೂರು ವರ್ಷಗಳ ನಂತರವೂ ತಳವಾರಘಟ್ಟದಲ್ಲೋ ಚಕ್ರತೀರ್ಥದಲ್ಲೋ ನಿಂತರೆ ಕಾಣುವುದು ಅದೇ ದೋಣಿ. ಸೀಳಿದ ಬಿದಿರಿನ ದಬ್ಬೆಗಳ ಹೆಣಿಗೆ ಹಾಗೆಯೇ ಇದೆ. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಅದರ ಮೇಲೆ ಡಾಂಬರು ಬಳಿಯುತ್ತಾರೆ. ಅಂಬಿಗನ ಕೈಯಲ್ಲಿ ಒಂದೇ ಹುಟ್ಟು. ಬದಲಾಗಿರುವುದು ಒಳಗೆ ಕೂತವರು. ಆಗ ಕೂರುತ್ತಿದ್ದವರು ಆಚೆ ದಡಕ್ಕೆ ಹೋಗಬೇಕಾದವರು. ಈಗ ಕೂರುವವರಲ್ಲಿ ಹೆಚ್ಚಿನವರಿಗೆ ಆಚೆ ದಡದಲ್ಲಿ ಕೆಲಸವಿಲ್ಲ. ಅವರು ನೋಡಲು ಬಂದವರು. ಕೋಟಿಲಿಂಗ ನೋಡುತ್ತಾರೆ, ಹಳೆಯ ಸೇತುವೆಯ ಕಲ್ಲುಕಂಬ ನೋಡುತ್ತಾರೆ, ಸೂರ್ಯಾಸ್ತ ನೋಡುತ್ತಾರೆ. ಅದೃಷ್ಟವಿದ್ದರೆ ಬಂಡೆಯ ಮೇಲೆ ಮೈ ಒಣಗಿಸಿಕೊಳ್ಳುತ್ತಿರುವ ನೀರುನಾಯಿಗಳ ಒಂದು ಕುಟುಂಬವನ್ನೂ ನೋಡುತ್ತಾರೆ.

ದೋಣಿಯಲ್ಲಿ ಕೂತು ನೀರಿನ ಪ್ರಾಣಿಯನ್ನು ನೋಡುವುದು, ಅದಕ್ಕೆ ಉಪದ್ರವವಾಗದ ಹಾಗೆ ನೋಡುವುದು ಎಂದ ಕೂಡಲೇ ನಮ್ಮ ತಲೆಗೆ ಬರುವುದು ಸಮುದ್ರ ಮತ್ತು ತಿಮಿಂಗಿಲ. ಈ ವಿಷಯದ ಮೇಲೆ ಬಂದಿರುವ ಓದಿನ ಬಹುಪಾಲು ಅಲ್ಲಿಯದೇ. ಕಡಲಿಂದ ಇಷ್ಟು ದೂರದ, ಬಿಸಿಲಿಗೆ ಬಂಡೆ ಸಿಡಿಯುವ ಹೊಸಪೇಟೆ ಸೀಮೆಗೂ ಆ ಪ್ರಶ್ನೆಗೂ ಸಂಬಂಧವೇನು ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. 2015ರಲ್ಲಿ ಕರ್ನಾಟಕ ಸರ್ಕಾರ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಯ ಹೆಸರಿನಲ್ಲೇ ಇಂಥ ಮೀಸಲು ದೇಶದಲ್ಲಿ ಅದೇ ಮೊದಲು. ಹಂಪಿಯ ಹರಿಗೋಲುಗಳು ಓಡಾಡುವುದು ಈ 34 ಕಿಲೋಮೀಟರಿನ ಒಳಗೆ.

ಹರಿಗೋಲಿನ ಚರಿತ್ರೆಯನ್ನು ನಾವು ಕೊಂಚ ಅಸಡ್ಡೆಯಿಂದಲೇ ಓದಿದ್ದೇವೆ ಎಂದು ನನ್ನ ಅನಿಸಿಕೆ. ವಿಜಯನಗರದ ಮೇಲೆ ಬಂದಿರುವ ಪುಸ್ತಕಗಳಲ್ಲಿ ಆನೆ ಲಾಯಕ್ಕೆ ಸಿಕ್ಕ ಪುಟಗಳ ಹತ್ತರಲ್ಲಿ ಒಂದು ಪಾಲೂ ಇದಕ್ಕೆ ಸಿಕ್ಕಿಲ್ಲ. ಆದರೆ ರಾಜಧಾನಿಯೊಂದು ಹೊಳೆಯ ದಕ್ಷಿಣ ದಡದಲ್ಲಿ, ಅದರ ತಾಯಿಬೇರಾದ ಆನೆಗೊಂದಿ ಉತ್ತರ ದಡದಲ್ಲಿ ಇದ್ದಾಗ, ನಡುವಿನ ಹೊಳೆಯನ್ನು ದಿನವೂ ದಾಟಿಸುವವನು ಸಣ್ಣ ಮನುಷ್ಯನಾಗಲು ಸಾಧ್ಯವಿಲ್ಲ. ಕನ್ನಡದ ಮನಸ್ಸಿಗೆ ಅದು ಗೊತ್ತಿತ್ತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಎಲ್ಲರಿಗಿಂತ ಖಾರದ ಬಾಯಿಯ ಚೌಡಯ್ಯ ತನ್ನ ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡ ಅಂಬಿಗ. ಹಂಪಿಯ ಹೊಳೆದಡದಲ್ಲಿ ತನ್ನ ಹೆಸರಿನ ಮಂಟಪವನ್ನು ಪಡೆದಿರುವ ಪುರಂದರದಾಸರು ದೇಹವನ್ನು ಒಂಬತ್ತು ತೂತಿನ ಹರಿಗೋಲು ಎಂದದ್ದು ಕನ್ನಡಿಗರಿಗೆಲ್ಲ ಬಾಯಿಪಾಠ. ಮರದ ದೋಣಿಗೆ ಒಂಬತ್ತು ತೂತು ಬಿದ್ದರೆ ಮುಳುಗುತ್ತದೆ, ಅಷ್ಟೆ. ಹೆಣೆದ ಬುಟ್ಟಿಗೆ ತೊಗಲು ಹೊದಿಸಿದ ದೋಣಿಯಲ್ಲಿ ತೂತು ಎಂಬುದು ದಿನನಿತ್ಯದ ಗಾಬರಿ. ಆ ರೂಪಕದ ಬಲ ಇರುವುದು ದೋಣಿಯ ಜಾತಿಯಲ್ಲಿ.

ದುಂಡು ದೋಣಿ ನಮ್ಮದಷ್ಟೇ ಅಲ್ಲ. ಬ್ಯಾಬಿಲೋನಿನ ವ್ಯಾಪಾರಿಗಳು ಹೀಗೇ ತೊಗಲು ಹೊದಿಸಿದ ದೋಣಿಯಲ್ಲಿ ಸರಕಿನ ಜೊತೆ ಕತ್ತೆಯನ್ನೂ ಕೂರಿಸಿಕೊಂಡು ಹೊಳೆಯಿಳಿದು ಬಂದು, ಚೌಕಟ್ಟನ್ನು ಅಲ್ಲಿಯೇ ಮಾರಿ, ತೊಗಲನ್ನು ಕತ್ತೆಯ ಬೆನ್ನಿಗೇರಿಸಿ ಹಿಂದಿರುಗುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳನ್ನು ಇರಾಕಿನ, ಬ್ರಿಟನ್ನಿನ ಇಂಥವೇ ದೋಣಿಗಳ ಪಕ್ಕದಲ್ಲಿಟ್ಟು ಅಭ್ಯಾಸ ಮಾಡಿದರು. ಸೈನ್ಯಕ್ಕೂ ಇದರ ಬೆಲೆ ಗೊತ್ತಿತ್ತು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ ತುಂಬಿದ ಹೊಳೆಗಳನ್ನು ದಾಟಲು ಬುಟ್ಟಿದೋಣಿಗಳನ್ನು ನೆಚ್ಚಿಕೊಂಡಿದ್ದ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ.

ಇಷ್ಟು ಹಳೆಯ ದೋಣಿ ಹಂಪಿಯಲ್ಲಿ ಉಳಿದದ್ದು ಯಾರದೋ ಪರಂಪರಾಭಿಮಾನದಿಂದಲ್ಲ, ಸೇತುವೆ ಇಲ್ಲದ್ದರಿಂದ. ಈ ಕತೆ ನಮ್ಮ ಕಾಲದ್ದು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1990ರ ದಶಕದಲ್ಲಿ ತಳವಾರಘಟ್ಟ ಮತ್ತು ಆನೆಗೊಂದಿಯ ನಡುವೆ ವಾಹನಗಳ ಸೇತುವೆ, ವಿರೂಪಾಪುರ ಗಡ್ಡೆಗೆ ಒಂದು ಕಾಲ್ಸೇತುವೆ ಏಳತೊಡಗಿದವು. ಇವುಗಳ ಕಾರಣದಿಂದ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, ತೆಗೆದದ್ದು 2006ರಲ್ಲಿ. ಅರ್ಧಕ್ಕೆ ನಿಂತಿದ್ದ ಆನೆಗೊಂದಿಯ ಸೇತುವೆಯ ಕೆಲಸ ಮತ್ತೆ ಶುರುವಾಗಿ, 2009ರ ಜನವರಿ 22ರಂದು ಅದು ಕುಸಿದು ಹೊಳೆಗೆ ಬಿತ್ತು. ಕೂಲಿಯವರು ಸತ್ತರು. ಪರಂಪರೆಗೆ ಸೇತುವೆ ಬೇಡ ಎಂದವರ ವಾದವೂ, ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಲು ಸೇತುವೆ ಬೇಕು ಎಂದ ಊರವರ ವಾದವೂ ಎರಡೂ ನಿಜವಾಗಿದ್ದ ಆ ಹತ್ತು ವರ್ಷಗಳಲ್ಲಿ ಜನರನ್ನು ದಾಟಿಸಿದ್ದು ಹರಿಗೋಲು. ಈಗ ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ ಸೇತುವೆ ಬಂದಿದೆ. ಅಂಬಿಗರ ಪಾಲಿಗೆ ಅದರ ಅರ್ಥ ಸರಳ: ದಾಟುವವರು ಹೋದರು, ನೋಡುವವರು ಉಳಿದರು.

ಇನ್ನು ನೀರುನಾಯಿಯ ಕಡೆಗೆ ಬರೋಣ. ಹೆಸರಿನಿಂದಲೇ ಶುರುಮಾಡಬಹುದು, ಏಕೆಂದರೆ ಅದರಲ್ಲಿ ಒಂದು ತಮಾಷೆಯಿದೆ. ಕನ್ನಡದವರಿಗೆ, ತಮಿಳರಿಗೆ, ತೆಲುಗರಿಗೆ ಈ ಪ್ರಾಣಿ ನೀರಿನ ನಾಯಿ. ಮರಾಠಿಗರಿಗೆ ಅದು ಪಾಣಮಾಂಜರ, ನೀರಿನ ಬೆಕ್ಕು. ಹಿಂದಿಯ ಊದಬಿಲಾವ್‌ನಲ್ಲೂ ಬೆಕ್ಕೇ ಇದೆ. ಸಂಸ್ಕೃತದ ಉದ್ರ ಎಂಬ ಪದವೂ ಇಂಗ್ಲಿಷಿನ ಆಟರ್ ಎಂಬ ಪದವೂ ಒಂದೇ ಬೇರಿನವು, ಆ ಬೇರಿನ ಅರ್ಥ ನೀರು. ಅಂದರೆ ಬಡಗಣದವರು ಅದರ ಮೀಸೆ ನೋಡಿ ಹೆಸರಿಟ್ಟರು, ನಾವು ಅದರ ಗುಂಪು ನೋಡಿ ಇಟ್ಟೆವೇನೋ. ತುಂಗಭದ್ರೆಯ ಪ್ರಾಣಿ ನುಣುಪು ತುಪ್ಪಳದ ನೀರುನಾಯಿ. ಏಳರಿಂದ ಹನ್ನೊಂದು ಕಿಲೋ ತೂಗುತ್ತದೆ. ಒಂಟಿಯಾಗಿರುವುದು ಕಡಿಮೆ, ತಂದೆ, ತಾಯಿ, ಹೋದ ವರ್ಷದ ಮಕ್ಕಳು, ಈ ವರ್ಷದ ಮರಿಗಳು ಒಟ್ಟಿಗೆ ಬೇಟೆಯಾಡುತ್ತವೆ, ಮೀನನ್ನು ಸುತ್ತುಗಟ್ಟಿ ಹಿಡಿಯುತ್ತವೆ. ದಡದ ಬಂಡೆಗಳ ಸಂದಿ, ಮರದ ಬೇರಿನ ಪೊಟರೆ ಅವುಗಳ ಮನೆ. ಕೆಲವು ಬಂಡೆಗಳನ್ನೂ ಮರಳದಿಬ್ಬಗಳನ್ನೂ ಗೊತ್ತುಮಾಡಿಕೊಂಡು ಅಲ್ಲಿಯೇ ಹಿಕ್ಕೆ ಹಾಕುತ್ತವೆ. ನಮಗೆ ಅದು ಗಲೀಜು, ಅವುಗಳಿಗೆ ಊರಬಾಗಿಲ ಕಲ್ಲು. ಇಲ್ಲಿ ಯಾರಿದ್ದಾರೆ, ಎಷ್ಟು ಜನ, ಯಾವಾಗ ಬಂದಿದ್ದರು ಎಂಬುದೆಲ್ಲ ಆ ವಾಸನೆಯಲ್ಲಿ ಬರೆದಿರುತ್ತದೆ. ಪ್ರವಾಸಿಗರು ಹರಿಗೋಲಿನಿಂದ ಇಳಿದು ಫೋಟೊಕ್ಕೆ ಕೂರುವ ಚಪ್ಪಟೆ ಬಂಡೆ ಎಷ್ಟೋ ಸಲ ಇಂಥದ್ದೇ ಆಗಿರುತ್ತದೆ.

ಇತಿಹಾಸದಲ್ಲಿ ಈ ಪ್ರಾಣಿಯನ್ನು ಹುಡುಕುವುದು ಸುಲಭವಲ್ಲ. ಆನೆ, ಕುದುರೆ, ಸಿಂಹ, ಕೊನೆಗೆ ಇರದ ಮಕರವೂ ಹಂಪಿಯ ಕಲ್ಲಿನಲ್ಲಿ ಎಲ್ಲೆಲ್ಲೂ ಇವೆ. ಅಧಿಕಾರಕ್ಕೆ ಬೇಕಾದ ಪ್ರಾಣಿಗಳು ಅವು. ಹೊಳೆಯ ಬಗ್ಗೆ ಅರಸರಿಗಿದ್ದ ಕುತೂಹಲವನ್ನು ನೋಡಬೇಕೆಂದರೆ ಹಿಂದಕ್ಕೆ ಹೋಗಬೇಕು, ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಬರೆದ ಮಾನಸೋಲ್ಲಾಸಕ್ಕೆ. ಅದರಲ್ಲಿ ಮತ್ಸ್ಯವಿನೋದ ಎಂಬ ಒಂದು ಭಾಗವೇ ಇದೆ. ಕಡಲಿನ ಮೀನು ಯಾವುವು, ಹೊಳೆಯ ಮೀನು ಯಾವುವು, ಯಾವುದಕ್ಕೆ ಯಾವ ಆಹಾರ ಹಾಕಿ ಒಂದೆಡೆ ಸೇರಿಸಬೇಕು, ಗಾಳ ಹೇಗಿರಬೇಕು ಎಂದು ರಾಜ ಆಸಕ್ತಿಯಿಂದ ಹೇಳುತ್ತಾ ಹೋಗುತ್ತಾನೆ. ಮೀನುಗಳ ಹೆಸರುಗಳಲ್ಲಿ ಈ ಸೀಮೆಯ ಆಡುಮಾತಿನ ವಾಸನೆ ಬರುತ್ತದೆ, ಮೀನುಗಾರರನ್ನು ಕೇಳದೆ ಅದನ್ನು ಬರೆಯಲು ಸಾಧ್ಯವಿರಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಆ ವಿನೋದ ಎಂಬ ಮಾತು. ಪ್ರಾಣಿಯನ್ನು ಹತ್ತಿರ ಬರಿಸುವುದು, ತಿಂಡಿ ಹಾಕಿ ಪಳಗಿಸುವುದು, ನೋಡಿ ಸಂತೋಷಪಡುವುದು, ಹಿಡಿಯುವುದು ಎಲ್ಲವೂ ಅದರಲ್ಲಿ ಒಂದೇ ಸಾಲಿನಲ್ಲಿ ಬರುತ್ತವೆ. ನೋಡುವುದಕ್ಕೂ ಹಿಡಿಯುವುದಕ್ಕೂ ನಡುವೆ ಗೆರೆ ಎಳೆಯುವ ಆಲೋಚನೆ ಆ ಆಸ್ಥಾನದ್ದಲ್ಲ.

ಗೆರೆ ಎಳೆದವನು ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವನು. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದಿದೆ. ಆಮೆ ಇದೆ, ಕೆಲವು ಬಗೆಯ ಮೀನುಗಳಿವೆ, ಗಂಗೆಯ ಡಾಲ್ಫಿನ್ ಎಂದು ವಿದ್ವಾಂಸರು ಗುರುತಿಸುವ ಪ್ರಾಣಿಯೂ ಇದೆ. ಗೊತ್ತಾದ ದಿನಗಳಲ್ಲಿ ಮೀನು ಹಿಡಿಯಬಾರದು, ಮಾರಬಾರದು ಎಂದೂ ಇದೆ. ನಮ್ಮ ತುಂಗಭದ್ರಾ ಕಣಿವೆ ಅಶೋಕನ ಶಾಸನಗಳಿಂದ ಕಿಕ್ಕಿರಿದಿದೆ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಂ. ಆದರೆ ಇಲ್ಲಿರುವವು ಕಿರುಬಂಡೆ ಶಾಸನಗಳು; ಪ್ರಾಣಿಗಳ ಆ ಪಟ್ಟಿ ಬಡಗಣದ ಕಂಬಗಳ ಮೇಲೆ ಮಾತ್ರ ಉಳಿಯಿತು.

ನೀರುನಾಯಿ ನೇರವಾಗಿ ಪಾತ್ರವಾಗಿ ಬರುವುದು ಜಾತಕ ಕತೆಗಳಲ್ಲಿ. ಎರಡು ನೀರುನಾಯಿಗಳು ಸೇರಿ ಒಂದು ದೊಡ್ಡ ಮೀನನ್ನು ದಡಕ್ಕೆ ಎಳೆಯುತ್ತವೆ, ಹಂಚಿಕೊಳ್ಳುವಾಗ ಜಗಳ ಹತ್ತುತ್ತದೆ, ನ್ಯಾಯ ಹೇಳಲು ನರಿಯನ್ನು ಕರೆಯುತ್ತವೆ. ನರಿ ತಲೆಯನ್ನು ಒಂದಕ್ಕೂ ಬಾಲವನ್ನು ಇನ್ನೊಂದಕ್ಕೂ ಕೊಟ್ಟು ನಡುವಿನ ಭಾಗವನ್ನು ತಾನು ಕಚ್ಚಿಕೊಂಡು ಹೋಗುತ್ತದೆ. ಭಾರಹುತ ಸ್ತೂಪದಲ್ಲಿ ಈ ಕತೆಯ ಕೆತ್ತನೆಯಿದೆ. ತುಂಗಭದ್ರೆಯ ಮೀನಿಗೆ ಈಗ ಇರುವ ಹಕ್ಕುದಾರರನ್ನು ನೆನೆದಾಗಲೆಲ್ಲ ನನಗೆ ಆ ನರಿ ನೆನಪಾಗುತ್ತದೆ.

ಮೀನುಗಾರನಿಗೂ ನೀರುನಾಯಿಗೂ ಇರುವ ವೈಮನಸ್ಸು ಕಟ್ಟುಕತೆಯಲ್ಲ. ಬಲೆಗೆ ಬಿದ್ದ ಮೀನನ್ನು ತಿನ್ನಲು ಅದು ಬಲೆಯನ್ನೇ ಹರಿಯುತ್ತದೆ. ಬಲೆಯೊಂದರ ಬೆಲೆ ಗೊತ್ತಿರುವವನಿಗೆ ಅದು ಮುದ್ದು ಪ್ರಾಣಿಯಾಗಿ ಕಾಣುವುದಿಲ್ಲ. ಇದರ ಮೇಲೆ ಸಿಡಿಮದ್ದು ಹಾಕಿ ಮೀನು ಹಿಡಿಯುವ ದುಷ್ಟ ಪದ್ಧತಿ ಬಂತು. ಅದು ಒಂದೇ ಏಟಿಗೆ ಮೀನು, ಮರಿಮೀನು, ಅದನ್ನು ತಿನ್ನುವ ಪ್ರಾಣಿ ಎಲ್ಲವನ್ನೂ ಮುಗಿಸುತ್ತದೆ. ಮರಳು ತೆಗೆಯುವುದರಿಂದ ದಡದ ಬಿಲಗಳು ಕುಸಿದವು. ತುಪ್ಪಳಕ್ಕಾಗಿ ಕೊಲ್ಲುವ ದಂಧೆ ದೇಶದುದ್ದಕ್ಕೂ ಇತ್ತು. 2019ರಲ್ಲಿ ಜಿನೀವಾದ ಸೈಟಿಸ್ ಸಭೆ ಈ ಜಾತಿಯನ್ನು ಮೊದಲನೆಯ ಅನುಬಂಧಕ್ಕೆ ಏರಿಸಿ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದ್ದು ಇದಕ್ಕಾಗಿಯೇ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅಣೆಕಟ್ಟಿನದು. 1945ರಲ್ಲಿ ಅಡಿಗಲ್ಲು ಬಿದ್ದು 1953ರ ಹೊತ್ತಿಗೆ ನೀರು ನಿಂತ ತುಂಗಭದ್ರಾ ಜಲಾಶಯ ಕೆಳಗಿನ ಹೊಳೆಯ ಕಾಲಮಾನವನ್ನೇ ಬದಲಿಸಿತು. 133 ಟಿಎಂಸಿ ಅಡಿ ಇದ್ದ ಅದರ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಹೂಳು ತುಂಬಿದಷ್ಟೂ ಮಳೆಗಾಲದಲ್ಲಿ ಬೇಗ ತುಂಬುತ್ತದೆ, ಬೇಗ ಗೇಟು ತೆರೆಯಬೇಕಾಗುತ್ತದೆ. 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕಿತ್ತುಕೊಂಡು ಹೋದಾಗ ಕೆಳಗಿನ ಊರುಗಳಲ್ಲಿ ಹುಟ್ಟಿದ ಭಯವನ್ನು ಪತ್ರಿಕೆಗಳು ಬರೆದವು. ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗು, ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಳಷ್ಟೇ ಉಳಿಯುತ್ತವೆ. ಆಗ ಮೀನೂ ಮೀನುಗಾರನೂ ನೀರುನಾಯಿಯೂ ಮೊಸಳೆಯೂ ಹರಿಗೋಲೂ ಸೇರುವುದು ಅದೇ ಮಡುಗಳಲ್ಲಿ.

ತಿಮಿಂಗಿಲಗಳ ಕಡೆ ಒಮ್ಮೆ ನೋಡಿ ಬರೋಣ. ಅಲ್ಲಿನ ಚರಿತ್ರೆ ಗಿಡ್ಡದು, ಪಾಠಗಳು ಸ್ಪಷ್ಟ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊದಲ್ಲಿ 1950ರಲ್ಲಿ ದಡದ ಮೇಲಿನ ಒಂದು ಸ್ಥಳವನ್ನು ಬೂದು ತಿಮಿಂಗಿಲಗಳ ವಲಸೆ ನೋಡಲೆಂದು ಜನರಿಗೆ ತೆರೆದರು. 1955ರಲ್ಲಿ ಅದೇ ಊರಿನ ಚಕ್ ಚೇಂಬರ್ಲಿನ್ ಎಂಬ ಮೀನುಗಾರ ತಲೆಗೆ ಒಂದು ಡಾಲರಿನಂತೆ ಜನರನ್ನು ದೋಣಿಯಲ್ಲಿ ಕರೆದೊಯ್ಯತೊಡಗಿದ. ಅದಾಗಿ ಇನ್ನೂ ಮೂವತ್ತು ವರ್ಷ ವಾಣಿಜ್ಯ ಬೇಟೆ ನಡೆದೇ ಇತ್ತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ತಡೆ ಜಾರಿಗೆ ಬಂದದ್ದು 1986ರಲ್ಲಿ. ಕೊಲ್ಲುವ ಬದಲು ನೋಡಿದರೂ ದುಡಿಯಬಹುದು ಎಂಬ ವಾದ ಗೆದ್ದಿತು. ಗೆದ್ದ ಮೇಲೆ ಗೊತ್ತಾದದ್ದು, ನೋಡುವುದಕ್ಕೂ ಬೆಲೆಯಿದೆ ಮತ್ತು ಆ ಬೆಲೆಯನ್ನು ತೆರುವುದು ಪ್ರಾಣಿ. ಆಸ್ಟ್ರೇಲಿಯದ ಶಾರ್ಕ್ ಬೇ ಎಂಬಲ್ಲಿ ಡಾಲ್ಫಿನ್ ತೋರಿಸುವ ದೋಣಿ ಸಂಸ್ಥೆಗಳು ಒಂದರಿಂದ ಎರಡಾದಾಗ ಆ ಭಾಗದಲ್ಲಿ ಡಾಲ್ಫಿನ್‌ಗಳ ಇರವು ಸುಮಾರು ಶೇ 15ರಷ್ಟು ಕುಗ್ಗಿತೆಂದು 2006ರಲ್ಲಿ ವಿಜ್ಞಾನಿಗಳು ತೋರಿಸಿದರು. ಯಾವ ಡಾಲ್ಫಿನ್ನನ್ನೂ ಯಾರೂ ಮುಟ್ಟಿರಲಿಲ್ಲ. ಸರ್ಕಾರ ಪರವಾನಗಿಯನ್ನು ಮತ್ತೆ ಒಂದಕ್ಕೆ ಇಳಿಸಿತು.

ನ್ಯೂಜಿಲೆಂಡಿನ ಕೈಕೌರಾದ ಕತೆ ನನಗೆ ಇನ್ನೂ ಹತ್ತಿರದ್ದು. ರೈಲ್ವೆಯ ಕೆಲಸಗಳು ಹೋಗಿ ನಿರುದ್ಯೋಗ ಹೊಡೆದ ಆ ಊರಿನಲ್ಲಿ 1987ರಲ್ಲಿ ಅಲ್ಲಿಯ ಮಾವೊರಿ ಕುಟುಂಬಗಳು ಮನೆ ಅಡವಿಟ್ಟು ತಿಮಿಂಗಿಲ ತೋರಿಸುವ ದೋಣಿ ಕೊಂಡವು. 1992ರಲ್ಲಿ ಆ ದೇಶ ನಿಯಮ ಮಾಡಿತು: ಒಂದು ಪ್ರಾಣಿಯ 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರಬಾರದು, ತಿಮಿಂಗಿಲದ 50 ಮೀಟರ್ ಒಳಗೆ ಯಾರೂ ಹೋಗಬಾರದು, ಮರಿಯಿರುವ ತಾಯಿಯಾದರೆ 200 ಮೀಟರ್. ನಿಯಮ ಬಂದಿತು, ಕುಟುಂಬಗಳ ಕಸುಬೂ ಉಳಿಯಿತು. ಹೊಳೆಯ ಮೇಲೆ ಹಕ್ಕಿದ್ದ ಜನರೇ ತೋರಿಸುವವರೂ ಆದರೆ ನಿಯಮಕ್ಕೆ ಕಾವಲುಗಾರರನ್ನು ಹೊರಗಿಂದ ತರಬೇಕಾಗಿಲ್ಲ. ನಮ್ಮ ಅಂಬಿಗರು, ಬೆಸ್ತರು, ಗಂಗಾಮತಸ್ಥರ ವಿಷಯದಲ್ಲಿ ನಾವು ಈ ದಿಕ್ಕಿನಲ್ಲಿ ಯೋಚಿಸಿಯೇ ಇಲ್ಲ.

ನಮ್ಮಲ್ಲೇ ಪ್ರಾಣಿ ನೋಡುವ ಇನ್ನೊಂದು ಮಾದರಿ ಇದೆ, ನೆಲದ ಮೇಲೆ. ಗಣಿಯ ಹೆಸರಿಂದಲೇ ಲೋಕಕ್ಕೆ ಗೊತ್ತಾದ ಸಂಡೂರು ಸೀಮೆಯ ಅಂಚಿನಲ್ಲಿ, ದರೋಜಿಯಲ್ಲಿ, 1994ರಲ್ಲಿ ಕರಡಿಧಾಮ ಆಯಿತು. ಅಲ್ಲಿ ಮಧ್ಯಾಹ್ನ ಸಿಬ್ಬಂದಿ ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಸಂಜೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ, ಜನ ದೂರದ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ನೋಡುವವನನ್ನು ಒಂದು ಕಡೆ ಕಟ್ಟಿಹಾಕಿರುವುದರಿಂದ ಕರಡಿಗೆ ಅವನ ಕಾಟವಿಲ್ಲ. ಈ ಮಟ್ಟಿಗೆ ದರೋಜಿಯ ಗೋಪುರ ಹಂಪಿಯ ಹರಿಗೋಲಿಗಿಂತ ಮೇಲು. ಆದರೆ ಬೆಲ್ಲದ ಪಾಕ ಸೋಮೇಶ್ವರನ ಮತ್ಸ್ಯವಿನೋದದ ನೇರ ವಂಶಸ್ಥ. ನೋಡುವವನ ಗಡಿಯಾರಕ್ಕೆ ಪ್ರಾಣಿಯ ಹಸಿವನ್ನು ಹೊಂದಿಸುವುದು. ಈ ಉಪಾಯ ಹೊಳೆಗೆ ಬರಬಾರದು. ಬಂಡೆಯ ಮೇಲೆ ಮೀನೆಸೆದು ನೀರುನಾಯಿ ಕರೆಯುವುದು ಶುರುವಾದರೆ, ಮನುಷ್ಯರ ದೋಣಿಗೆ ಹೆದರದ ನೀರುನಾಯಿ ಮರುದಿನ ಹೋಗುವುದು ಬಲೆಯ ದೋಣಿಯ ಹತ್ತಿರಕ್ಕೆ, ಅಲ್ಲಿ ಅದಕ್ಕೆ ಕಾದಿರುವುದು ದೊಣ್ಣೆ.

ಹರಿಗೋಲಿಗೆ ಎಂಜಿನ್ ಇಲ್ಲ. ಇದು ದೊಡ್ಡ ಗುಣ. ಒಡಿಶಾದ ಚಿಲಿಕಾದಲ್ಲಿ ಡಾಲ್ಫಿನ್ ನೋಡಲು ಹೋಗುವ ಯಂತ್ರದೋಣಿಗಳ ಚಕ್ರಕ್ಕೆ ಸಿಕ್ಕಿ ಡಾಲ್ಫಿನ್‌ಗಳು ಸತ್ತಿವೆ. ನಮ್ಮಲ್ಲಿ ಆ ಭಯವಿಲ್ಲ. ಆದರೆ ಸದ್ದಿಲ್ಲದ ದೋಣಿಯೂ ನಿರುಪದ್ರವಿಯಲ್ಲ. ಸದ್ದು ಮಾಡದೆ ಏಕಾಏಕಿ ಬಂಡೆಯ ತಿರುವಿನಲ್ಲಿ ಪ್ರತ್ಯಕ್ಷವಾಗುವುದು ಮರಿಯಿರುವ ಪ್ರಾಣಿಗೆ ಇನ್ನೂ ದೊಡ್ಡ ಗಾಬರಿ. ಹರಿವಿಗೆ ಸಿಕ್ಕ ಹರಿಗೋಲು ಥಟ್ಟನೆ ಹಿಂದೆ ಸರಿಯಲಾರದು. ಪ್ರವಾಸಿಗರಿಗಾಗಿ ಅದನ್ನು ಬೇಕೆಂದೇ ಬುಗುರಿಯಂತೆ ತಿರುಗಿಸುವ ಆಟವೊಂದಿದೆ. ಪಾಯೆಸ್‌ನನ್ನು ತಬ್ಬಿಬ್ಬು ಮಾಡಿದ ದೋಣಿಯ ದೋಷ ಈಗ ದುಡ್ಡು ಕೊಟ್ಟು ಕೊಳ್ಳುವ ಮಜಾ ಆಗಿದೆ. ಕಿರುಚಾಟ ಬಂಡೆಗಳಿಗೆ ಬಡಿದು ಕಣಿವೆಯಲ್ಲಿ ತುಂಬ ಹೊತ್ತು ತಿರುಗುತ್ತದೆ. ಆಟ ಬೇಕಾದರೆ ಘಾಟಿನ ಎದುರು ಆಡಲಿ, ಅದರಲ್ಲಿ ತಪ್ಪೇನೂ ಕಾಣೆ. ಬಿಲಗಳಿರುವ ಬಂಡೆಸಾಲಿನ ಹತ್ತಿರ ಬೇಡ.

ಇನ್ನೊಂದು ತೊಡಕು ಕಾಲದ್ದು, ಇದರ ಬಗ್ಗೆ ಚರ್ಚೆಯೇ ಆಗಿಲ್ಲ. ನಮ್ಮ ದೇಶದಲ್ಲಿ ಈ ನೀರುನಾಯಿಗಳ ಮರಿಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಳೆಗಾಲ ಕಳೆದ ಮೇಲಿನ ಚಳಿಯ ತಿಂಗಳುಗಳಲ್ಲಿ. ಹಂಪಿಗೆ ಜನ ಮುಗಿಬೀಳುವುದೂ ಅದೇ ತಿಂಗಳುಗಳಲ್ಲಿ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಅದು ಮನುಷ್ಯರ ಜೀವಕ್ಕಾಗಿ, ಅದನ್ನು ಅಂಬಿಗರೂ ಒಪ್ಪುತ್ತಾರೆ. ಮರಿಗಳಿರುವ ಕೆಲವು ಬಂಡೆಸಾಲುಗಳಿಗೆ ಕೆಲವು ವಾರ ಹೋಗದಿರುವುದು ಅದೇ ರೂಢಿಯ ವಿಸ್ತರಣೆ. ಇಡೀ ಹೊಳೆಯನ್ನು ಮುಚ್ಚಬೇಕಾಗಿಲ್ಲ. ಹಾಗೆ ಮುಚ್ಚಿದರೆ ನಷ್ಟ ಅಂಬಿಗನಿಗೆ, ಲಾಭ ರಾತ್ರಿ ಮದ್ದು ಸಿಡಿಸುವವನಿಗೆ. ಹಗಲಿಡೀ ಹೊಳೆಯ ಮೇಲಿರುವ ಕಣ್ಣು ಅಂಬಿಗನದೊಂದೇ. ಬಿಲ ಎಲ್ಲಿದೆ, ಈ ವರ್ಷ ಮರಿ ಎಷ್ಟು ಎಂದು ಹೇಳಬಲ್ಲವನೂ ಅವನೇ.

ಕಾನೂನಿನಲ್ಲಿ ಇದಕ್ಕೆ ಜಾಗವಿದೆ ಎಂಬುದನ್ನು ನಾವು ಮರೆತಿದ್ದೇವೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ ಸಂರಕ್ಷಣಾ ಮೀಸಲು ಎಂಬ ಹೊಸ ಬಗೆ ಹುಟ್ಟಿತು. ಅಭಯಾರಣ್ಯದಂತಲ್ಲ ಇದು. ಸ್ಥಳೀಯ ಜನರೊಡನೆ ಸಮಾಲೋಚಿಸಿ ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಇರಬೇಕು. ಜನರನ್ನು ಹೊರಗಟ್ಟಿ ಕಾಡು ಉಳಿಸುವ ಹಳೆಯ ಕ್ರಮಕ್ಕೆ ಪರ್ಯಾಯವಾಗಿ ಬಂದದ್ದು ಇದು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದಾಗ ಹೊಳೆಯ ಆಚೆ ದಡದ ದೊಡ್ಡ ಗದ್ದಲ ನಿಂತಿತು. ಅದರ ಜೊತೆಗೆ ಆ ದಡಕ್ಕೆ ಜನರನ್ನು ದಾಟಿಸುತ್ತಿದ್ದ ಅನೇಕರ ದಿನಗೂಲಿಯೂ ನಿಂತಿತು. ಕಲ್ಲಿನ ಪರಂಪರೆಗೆ ಒಂದು ಪ್ರಾಧಿಕಾರ, ನೀರಿಗೆ ಒಂದು ಮಂಡಳಿ, ಪ್ರಾಣಿಗೆ ಅರಣ್ಯ ಇಲಾಖೆ. ದಕ್ಷಿಣ ದಡ 2021ರಿಂದ ವಿಜಯನಗರ ಜಿಲ್ಲೆ, ಉತ್ತರ ದಡ ಕೊಪ್ಪಳ ಜಿಲ್ಲೆ, ಕೆಳಗೆ ಕಂಪ್ಲಿ ಬಳ್ಳಾರಿ ಜಿಲ್ಲೆ. ನಡುಹೊಳೆಯ ಬಂಡೆಯ ಮೇಲೆ ಮಲಗಿದ ನೀರುನಾಯಿ ಮೈ ತಿರುಗಿಸಿದರೆ ಜಿಲ್ಲೆ ಬದಲಾಗುತ್ತದೆ.

ಮೀಸಲು ಮುಗಿಯುವುದು ಕಂಪ್ಲಿಯ ಸೇತುವೆಯಲ್ಲಿ. ಗಂಡುಗಲಿ ಕುಮಾರರಾಮನ ಕತೆಯಿಂದ ಕನ್ನಡಿಗರಿಗೆಲ್ಲ ಗೊತ್ತಿರುವ ಊರು ಕಂಪ್ಲಿ. ಆ ಕಂಪಿಲ ರಾಜ್ಯ 1327ರಲ್ಲಿ ಬಿದ್ದ ಮೇಲೆಯೇ ಆನೆಗೊಂದಿ, ಹಂಪಿಗಳ ಕಾಲ ಶುರುವಾದದ್ದು. ಹಂಪಿಯ ಬಂಡೆಗಾಡು ಹಿಂದೆ ಉಳಿದು ಹೊಳೆ ಇಲ್ಲಿ ಗದ್ದೆಗಳ ನಡುವೆ ಅಗಲವಾಗುತ್ತದೆ. ಪ್ರವಾಸಿಗರು ಇಲ್ಲಿಯವರೆಗೆ ಬರುವುದಿಲ್ಲ. ಇಲ್ಲಿ ಹರಿಗೋಲು ಈಗಲೂ ಮೀನುಗಾರನದು, ಬೆಳಗಿನ ಜಾವ ಬಲೆ ಎತ್ತಲು ಹೋಗುವವನದು. ಅವನಿಗೂ ನೀರುನಾಯಿ ದಿನಾ ಕಾಣುತ್ತದೆ, ಟಿಕೆಟ್ಟಿಲ್ಲದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷ ಕಂಪ್ಲಿಯ ಸೇತುವೆ ಮುಳುಗುತ್ತದೆ, ಗಂಗಾವತಿಯ ದಾರಿ ಕಟ್ಟಾಗುತ್ತದೆ, ಹರಿಗೋಲುಗಳನ್ನು ದಡದ ಮೇಲೆ ಎಳೆದು ಬೋರಲು ಹಾಕುತ್ತಾರೆ. ಮೀಸಲಿನ ಗಡಿಯೂ ಆಗ ಆ ಸೇತುವೆಯ ಜೊತೆಗೆ ಕೆಲವು ದಿನ ನೀರಿನಡಿಯಲ್ಲೇ ಇರುತ್ತದೆ.